ಗ್ರೀಸ್ ನೋಡದ ಗ್ರೀಕ್ ಥಾಮ್ಸನ್

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗ್ತೀನಿ ಅಂದರೆ ಸಾಕು, ಅಲ್ಲಿನ ಹೆಸರಾಂತ ಆರ್ಕಿಟೆಕ್ಟ್ ಮ್ಯಾಕಿಂಟಾಷ್ ಕಟ್ಟಿದ್ದನ್ನೆಲ್ಲ ನೋಡಿಕೊಂಡು ಬನ್ನಿ ಅನ್ನುವವರು ಹತ್ತು ಜನ ಸಿಗುತ್ತಾರೆ. ನನಗೂ ಸಿಕ್ಕಿದ್ದರು. ನಾನು ಮಾತ್ರ ಬೇರೆಯವನೊಬ್ಬನ ಹುಚ್ಚು ಹತ್ತಿಸಿಕೊಂಡು ಬಂದೆ.

ಶುರುವಾಗಿದ್ದು ಯೂನಿಯನ್ ಸ್ಟ್ರೀಟ್‌ನಲ್ಲಿ. ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಒಂದು ಉದ್ದನೆಯ ಕಟ್ಟಡ ಅಟ್ಟಣಿಗೆ, ಪರದೆ ಹೊದ್ದುಕೊಂಡು ನಿಂತಿತ್ತು. ಹೆಸರು ಈಜಿಪ್ಷಿಯನ್ ಹಾಲ್ಸ್. ರಿಪೇರಿ ನಡೀತಿದೆ ಅಂದುಕೊಂಡೆ. ಇಲ್ಲ, ಅದು ವರ್ಷಗಟ್ಟಲೆಯಿಂದ ಹಾಗೇ ನಿಂತಿದೆಯಂತೆ. ಮಳೆಯಲ್ಲೇ ನಿಂತು ಫೋನಿನಲ್ಲಿ ಅದರ ಹಳೆಯ ಫೋಟೋ ಹುಡುಕಿ ನೋಡಿದೆ. ನಾಲ್ಕು ಅಂತಸ್ತು, ಮೇಲೆ ಹೋದ ಹಾಗೆ ಒಂದೊಂದರಲ್ಲೂ ಒಂದೊಂದು ಥರದ ಕಂಬ. ಎಲ್ಲಕ್ಕಿಂತ ಮೇಲೆ ಗಿಡ್ಡನೆಯ ದಪ್ಪ ಕಂಬಗಳ ಸಾಲು, ನೈಲ್ ದಂಡೆಯ ದೇವಸ್ಥಾನದಿಂದ ಕಿತ್ತು ತಂದ ಹಾಗೆ. ಅದರ ಹಿಂದೆ, ಕಂಬಕ್ಕೆ ತಾಗದೆ, ಈ ತುದಿಯಿಂದ ಆ ತುದಿಯವರೆಗೆ ಗಾಜು. ಕಟ್ಟಿದ್ದು 1870ರಿಂದ 72ರಲ್ಲಿ, ಅದೂ ಅಂಗಡಿ ಮಳಿಗೆಗೆ! ಯಾರಪ್ಪ ಈ ಆಸಾಮಿ ಅಂತ ನೋಡಿದರೆ, ಅಲೆಕ್ಸಾಂಡರ್ ಥಾಮ್ಸನ್ ಅನ್ನೋ ಆರ್ಕಿಟೆಕ್ಟ್. ಊರವರು ಇಟ್ಟ ಹೆಸರು ಗ್ರೀಕ್ ಥಾಮ್ಸನ್.

ತಮಾಷೆ ಅಂದರೆ ಈತ ಗ್ರೀಸ್ ನೋಡಿದವನೇ ಅಲ್ಲ. ಈಜಿಪ್ಟೂ ಇಲ್ಲ. ಪರದೇಶಕ್ಕೆ ಒಮ್ಮೆಯೂ ಹೋಗಲಿಲ್ಲ. ಪುಸ್ತಕದ ಚಿತ್ರಗಳನ್ನು ನೋಡಿ ನೋಡಿ, ಉಳಿದದ್ದನ್ನು ತಲೆಯಲ್ಲೇ ಕಟ್ಟಿಕೊಂಡು, ಹೊಗೆ ಕಾರುವ ಗ್ಲಾಸ್ಗೋ ಮಧ್ಯೆ ತನ್ನದೇ ಒಂದು ಗ್ರೀಸ್ ಎಬ್ಬಿಸಿದ.

ಹುಟ್ಟಿದ್ದು 1817ರಲ್ಲಿ, ಬಾಲ್ಫ್ರನ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. 20 ಮಕ್ಕಳ ಮನೆ, ಇವನು 17ನೆಯವನು. ಏಳು ವರ್ಷಕ್ಕೆ ಅಪ್ಪ ಹೋದ. ಹುಡುಗ ಚಿಕ್ಕ ವಯಸ್ಸಿಗೇ ಗ್ಲಾಸ್ಗೋದ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾದ. ಅಲ್ಲಿ ಇವನು ಗೀಚುತ್ತಿದ್ದ ಚಿತ್ರಗಳು ರಾಬರ್ಟ್ ಫೂಟ್ ಎಂಬ ಆರ್ಕಿಟೆಕ್ಟ್ ಕಣ್ಣಿಗೆ ಬಿದ್ದು, ಅವನು ಕರೆದುಕೊಂಡು ಹೋಗಿ ಕೆಲಸ ಕಲಿಸಿದ.

1847ರಲ್ಲಿ ಮದುವೆ. ಜಾನ್ ಬೇರ್ಡ್ ಅನ್ನೋ ಇನ್ನೊಬ್ಬ ಆರ್ಕಿಟೆಕ್ಟ್ ಮತ್ತು ಇವನು ಅಕ್ಕತಂಗಿಯರನ್ನು ಒಂದೇ ದಿನ ಮದುವೆಯಾದರು, ಆಮೇಲೆ ಷಡ್ಡಕರಿಬ್ಬರೂ ಸೇರಿ ಒಂದೇ ಆಫೀಸು ತೆರೆದರು. ಆದರೆ 1854ರಿಂದ 57ರ ಒಳಗೆ ಥಾಮ್ಸನ್‌ನ ನಾಲ್ಕು ಮಕ್ಕಳು ತೀರಿಕೊಂಡರು. ನಾಲ್ಕು. ಕಾಲೆಡೋನಿಯಾ ರೋಡ್ ಚರ್ಚ್, ಸೇಂಟ್ ವಿನ್ಸೆಂಟ್ ಸ್ಟ್ರೀಟ್ ಚರ್ಚ್, ಹೋಮ್‌ವುಡ್ ಮನೆ ಇವೆಲ್ಲ ಶುರುವಾಗಿದ್ದು 1856, 57ರಲ್ಲೇ. ಈ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಸ್ವಲ್ಪ ಹೊತ್ತು ಮುಂದಕ್ಕೆ ಓದಲು ಆಗಲಿಲ್ಲ.

ಹೋಮ್‌ವುಡ್ ಇರೋದು ಕ್ಯಾಥ್‌ಕಾರ್ಟ್‌ನಲ್ಲಿ. ಕಾಗದದ ಗಿರಣಿಯ ಮಾಲೀಕ ಜೇಮ್ಸ್ ಕೂಪರ್‌ಗೆ ಕಟ್ಟಿದ ಮನೆ. ಮುಂಭಾಗದಲ್ಲಿ ಅರ್ಧವೃತ್ತಾಕಾರವಾಗಿ ಮುಂದೆ ಬಂದ ಒಂದು ಕೋಣೆ ಇದೆ. ಹತ್ತಿರ ಹೋಗಿ ನೋಡಿ. ಕಲ್ಲಿನ ಕಂಬಗಳು ತಮ್ಮ ಪಾಡಿಗೆ ತಾವು ನಿಂತಿವೆ, ಗಾಜಿನ ಕಿಟಕಿ ಅವುಗಳಿಂದ ಒಂದಿಷ್ಟು ಹಿಂದೆ ಸರಿದು ಬೇರೆಯಾಗಿ ಸುತ್ತಿಕೊಂಡು ಬಂದಿದೆ. ನಡುವೆ ಕೈ ತೂರಿಸಬಹುದು, ನಾನು ತೂರಿಸಿದೆ ಕೂಡ! ಹೊರಗಿನಿಂದ ಗುಡಿ, ಒಳಗಿನಿಂದ ಬರೀ ಬೆಳಕು. ಊಟದ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ದೃಶ್ಯಗಳ ಪಟ್ಟಿ. ಮಧ್ಯೆ ಎಷ್ಟೋ ವರ್ಷ ಕ್ರೈಸ್ತ ಸನ್ಯಾಸಿನಿಯರು ಅಲ್ಲಿದ್ದರು, ಗೋಡೆಗಳಿಗೆ ಬಣ್ಣದ ಮೇಲೆ ಬಣ್ಣ ಬಿದ್ದಿತ್ತು. 1994ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ತೆಗೆದುಕೊಂಡ ಮೇಲೆ ಪದರ ಪದರವಾಗಿ ಕೆರೆದು ಹಳೆಯ ಚಿತ್ತಾರ ಹೊರಗೆ ತೆಗೆದರು.

ಅವನಿಗೆ ಕಮಾನು ಅಂದರೆ ಆಗುತ್ತಿರಲಿಲ್ಲ. ಎರಡು ಕಂಬ, ಮೇಲೊಂದು ತೊಲೆ, ಅಷ್ಟೇ ನಿಯತ್ತಿನ ಕಟ್ಟಡ. ಕಮಾನುಗಳ ದೊಡ್ಡ ಚರ್ಚ್ ಯಾರ್ಕ್ ಮಿನ್‌ಸ್ಟರ್‌ಗಿಂತ, ನಿಂತ ಕಲ್ಲಿನ ಮೇಲೆ ಅಡ್ಡಕಲ್ಲು ಇಟ್ಟ ಪುರಾತನ ಸ್ಟೋನ್‌ಹೆಂಜ್ ಹೆಚ್ಚು ವೈಜ್ಞಾನಿಕವಾಗಿ ಕಟ್ಟಿದ್ದು ಅಂತ ಉಪನ್ಯಾಸದಲ್ಲೇ ಹೇಳಿಬಿಟ್ಟ. ಇದು ಸ್ವಲ್ಪ ಜಾಸ್ತಿಯಾಯ್ತು ಅಂತ ನನಗೂ ಅನ್ನಿಸುತ್ತೆ. ಆದರೆ ಎಲ್ಲರೂ ಗಾಥಿಕ್ ಗಾಥಿಕ್ ಅಂತ, ಅಂದರೆ ಹಳೆಯ ಚರ್ಚುಗಳ ಚೂಪು ಕಮಾನಿನ ಶೈಲಿಗೆ, ಕುಣಿಯುತ್ತಿದ್ದ ಕಾಲ ಅದು. ಗ್ಲಾಸ್ಗೋ ವಿಶ್ವವಿದ್ಯಾಲಯದ ಹೊಸ ಕಟ್ಟಡದ ಕೆಲಸ ಲಂಡನ್ನಿನ ಆರ್ಕಿಟೆಕ್ಟ್ ಗಿಲ್ಬರ್ಟ್ ಸ್ಕಾಟ್‌ಗೆ ಹೋಯಿತು. 1866ರಲ್ಲಿ ಥಾಮ್ಸನ್ ಆ ನಕ್ಷೆಯನ್ನು ಸಭೆಯಲ್ಲೇ ಬಿಡಿಸಿ ಬಿಡಿಸಿ ಟೀಕಿಸಿದ. ಕಟ್ಟಡವೇನೋ ಗಾಥಿಕ್ಕಾಗಿಯೇ ಎದ್ದಿತು.

1875ರಲ್ಲಿ, 57ನೇ ವಯಸ್ಸಿಗೆ ತೀರಿಕೊಂಡ. ಅವನ ಹೆಸರಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟರು, ಯಾವುದಕ್ಕೆ ಗೊತ್ತಾ, ಪ್ರವಾಸಕ್ಕೆ! ಕಡಲು ದಾಟದವನ ಹೆಸರಲ್ಲಿ. ಅದನ್ನು 1890ರಲ್ಲಿ ಗೆದ್ದು ಮರುವರ್ಷ ಇಟಲಿ ಸುತ್ತಿ ಬಂದವನು ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್. ಹೌದು, ಎಲ್ಲರೂ ನೋಡಿ ಬನ್ನಿ ಅನ್ನುವ ಅದೇ ಮ್ಯಾಕಿಂಟಾಷ್.

ಥಾಮ್ಸನ್ ಕಟ್ಟಡಗಳ ಗತಿ ಕೇಳಬೇಡಿ. ಕ್ವೀನ್ಸ್ ಪಾರ್ಕ್ ಚರ್ಚ್ 1943ರಲ್ಲಿ ಬಾಂಬ್ ಬಿದ್ದು ಸುಟ್ಟು ಹೋಯಿತು. ಕಾಲೆಡೋನಿಯಾ ರೋಡ್ ಚರ್ಚ್‌ಗೆ 1965ರಲ್ಲಿ ಬೆಂಕಿ ಬಿತ್ತು. ಈಗ ಚಾವಣಿ ಇಲ್ಲ, ಗೋಪುರ, ಕಂಬಸಾಲು, ಗೋಡೆ ಅಷ್ಟೇ. ಸೇಂಟ್ ವಿನ್ಸೆಂಟ್ ಸ್ಟ್ರೀಟ್‌ನದ್ದು ಪುಣ್ಯಕ್ಕೆ ಉಳಿದಿದೆ. ಅವನ ಸಮಾಧಿಯ ಮೇಲೆ 2006ರವರೆಗೆ ಗುರುತಿನ ಕಲ್ಲೂ ಇರಲಿಲ್ಲ.

ಕೊನೆಯ ದಿನ ಸ್ಟ್ರಾತ್‌ಬಂಗೋದ ಮೊರೇ ಪ್ಲೇಸ್‌ಗೆ ಹೋಗಿದ್ದೆ. ಅವನೇ ಕಟ್ಟಿದ ಮನೆಗಳ ಸಾಲು, ಒಂದನೇ ನಂಬರಿನಲ್ಲಿ ಅವನೇ ಇದ್ದ, ಸತ್ತಿದ್ದೂ ಅಲ್ಲೇ. ಮುಂದೆಯೇ ರೈಲು ಹಳಿ. ಚಿಮಣಿಗಳ ತುದಿಯಲ್ಲಿ ತಾವರೆಯ ಆಕಾರ ಕೂರಿಸಿದ್ದಾನೆ, ಹೊಗೆ ಹೋಗುವ ಕೊಳವೆಗೂ! ಕತ್ತೆತ್ತಿ ಎಣಿಸುತ್ತಿದ್ದೆ. ಕೆಳಗಿನ ಕಿಟಕಿಯಲ್ಲಿ ಒಂದು ಬೆಕ್ಕು ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಒಂದು ರೈಲು ಹೋಯಿತು, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಶುರು ಮಾಡಿದೆ.