ಲ್ಯಾಬ್ ಇಮೇಜ್: ಜಿಟಿಕೆ 2 ಸದ್ಯಕ್ಕೆ ಇರಲಿ

ನಮ್ಮೂರ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿಗೆ ಡೆಬಿಯನ್ 13 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಇಮೇಜ್ (ಎಲ್ಲ ಕಂಪ್ಯೂಟರುಗಳಿಗೂ ಹಾಕುವ ಒಂದೇ ಸಿದ್ಧ ಪ್ರತಿ) ಮಾಡುವ ಕೆಲಸ ಮುಕ್ಕಾಲು ಮುಗಿದಿದೆ. ಅದರಲ್ಲಿ ಹಾಕಿರುವ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಹಳೆಯ ಕಂಪ್ಯೂಟರುಗಳಲ್ಲೂ ಚೆನ್ನಾಗಿ ಓಡುತ್ತಿದೆ. ಈ ವಾರ ಪೂರ್ತಿ ಹೋದದ್ದು ಒಂದೇ ಪ್ರಶ್ನೆಗೆ: ಪ್ರೋಗ್ರಾಂಗಳ ಕಿಟಕಿ, ಬಟನ್, ಮೆನುಗಳನ್ನು ಬಿಡಿಸುವ ಹಳೆಯ ಜಿಟಿಕೆ 2 ಲೈಬ್ರರಿಯನ್ನು ಈಗ ತೆಗೆಯಬಹುದಾ?

ಅದರ ಕೊನೆಯ ಆವೃತ್ತಿ 2.24.33 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ಜಿಟಿಕೆ 4 ಬಂತು, ಹಳೆಯದರ ಕೆಲಸ ನಿಂತಿತು. ಡೆಬಿಯನ್ 12ರಲ್ಲಿ ತೆಗೆಯುವ ಹಾಗೇ ಇರಲಿಲ್ಲ. ಮಕ್ಕಳು ಚಿತ್ರ ಬಿಡಿಸುವ ಗಿಂಪ್ 2.10ಕ್ಕೆ ಅದೇ ಬೇಕಿತ್ತು. ಜಿಟಿಕೆ ಹುಟ್ಟಿದ್ದೇ ಗಿಂಪ್‌ಗಾಗಿ. ಆ ಗಿಂಪ್ ಜಿಟಿಕೆ 3ಕ್ಕೆ ಬಂದದ್ದು 3.0 ಆವೃತ್ತಿಯಲ್ಲಿ, 2025ರ ಮಾರ್ಚ್‌ನಲ್ಲಿ. ಡೆಬಿಯನ್ 13ರಲ್ಲಿ ಇರುವುದು ಈ ಹೊಸ ಗಿಂಪ್.

ಹಾಗಾಗಿ ಯಾರ್ಯಾರಿಗೆ ಜಿಟಿಕೆ 2 ಬೇಕು ಅಂತ, ಪ್ಯಾಕೇಜ್ ಹಾಕುವ ತೆಗೆಯುವ ಡೆಬಿಯನ್ ಸಾಧನ ಆಪ್ಟ್‌ನಲ್ಲಿ ನೋಡಿದೆ. ಉಳಿದದ್ದು ಎರಡೇ ಹೆಸರು. ಒಂದು, ಕಿಟಕಿಗಳ ಅಂದ ನೋಡಿಕೊಳ್ಳುವ ಥೀಮ್ ಎಂಜಿನ್. ಇನ್ನೊಂದು ಕನ್ನಡ ಟೈಪಿಂಗ್‌ಗೆ ನಾನೇ ಹಾಕಿದ್ದ ಐಬಸ್‌ನ ಜಿಟಿಕೆ 2 ಮಾಡ್ಯೂಲ್. ಇವೆರಡೂ ಇರುವುದೇ ಜಿಟಿಕೆ 2 ಪ್ರೋಗ್ರಾಂಗಳಿಗಾಗಿ. ಅಂಥ ಪ್ರೋಗ್ರಾಂ ಒಂದೂ ಇಲ್ಲದ ಮೇಲೆ ಇವು ಯಾರಿಗೆ? ಮೂರನ್ನೂ ತೆಗೆದೆ. ಕನ್ನಡ ಅಕ್ಷರ ಒಡೆಯುತ್ತದೆ ಎಂಬ ಭಯ ಇರಲಿಲ್ಲ. ಒತ್ತಕ್ಷರ ಜೋಡಿಸುವುದು ಪ್ಯಾಂಗೋ ಮತ್ತು ಹಾರ್ಫ್‌ಬಝ್ ಎಂಬ ಬೇರೆ ಲೈಬ್ರರಿಗಳು.

ಪರೀಕ್ಷೆಗೆಂದು ಸ್ಟಾಫ್ ರೂಮಿನ ಒಂದು ಕಂಪ್ಯೂಟರಿಗೆ ಹಾಕಿ ಬಂದೆ. ಮರುದಿನ ಬೆಳಿಗ್ಗೆ ಮೇಷ್ಟ್ರ ಫೋನು: "ಏನಪ್ಪಾ, ಟೈಮ್‌ಟೇಬಲ್ ತೆರೀತಾನೇ ಇಲ್ವಲ್ಲ?"

ಟೈಮ್‌ಟೇಬಲ್ ಮಾಡುವ ಹಳೆಯ ಪ್ರೋಗ್ರಾಂ ಅದು, ಅವರ ಹೋಮ್ ಫೋಲ್ಡರಿನಲ್ಲೇ ಇದೆ. ಯಾರೋ ಎಂದೋ ಕಾಪಿ ಮಾಡಿಕೊಟ್ಟದ್ದು. ಡೆಬಿಯನ್ ಪ್ಯಾಕೇಜ್ ಅಲ್ಲ, ಹಾಗಾಗಿ ಆಪ್ಟ್‌ಗೆ ಅದು ಇರುವುದೇ ಗೊತ್ತಿಲ್ಲ. ಟರ್ಮಿನಲ್‌ನಲ್ಲಿ ಓಡಿಸಿದರೆ ಜಿಟಿಕೆ 2 ಫೈಲ್ ಸಿಗುತ್ತಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಮೇಷ್ಟ್ರಿಗೆ ಅಂದು ಟೈಮ್‌ಟೇಬಲ್ ಬದಲಿಸಬೇಕಿತ್ತು. ಅವರ ಅರ್ಧ ದಿನ ನನ್ನಿಂದ ಹಾಳಾಯಿತು, ಅದಕ್ಕೆ ನನಗೆ ನಿಜವಾಗಿ ಬೇಸರವಿದೆ.

ಆಪ್ಟ್ ಲೆಕ್ಕದಲ್ಲಿ "ಯಾರಿಗೂ ಬೇಡ" ಅಂದರೆ ಪ್ಯಾಕೇಜುಗಳಿಗೆ ಬೇಡ ಅಂತ ಅಷ್ಟೇ ಅಲ್ವಾ. ಆದ್ದರಿಂದ ಎಲ್ಲ ಹೋಮ್ ಫೋಲ್ಡರುಗಳ ಪ್ರೋಗ್ರಾಂ ಫೈಲುಗಳನ್ನೂ ಯಾವ ಲೈಬ್ರರಿ ಬೇಕೆಂದು ಓಡಿಸದೆಯೇ ತೋರಿಸುವ ಆಬ್ಜ್‌ಡಂಪ್‌ನಿಂದ ನೋಡಿದೆ. ಅದೇ ಕೆಲಸಕ್ಕೆ ಇರುವ ಎಲ್‌ಡಿಡಿ ಬಳಸಲಿಲ್ಲ. ಅದು ಕೆಲವೊಮ್ಮೆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು, ಎಲ್ಲಿಂದ ಬಂತೋ ಗೊತ್ತಿಲ್ಲದ ಫೈಲಿಗೆ ಅದು ಬೇಡ. ಆದರೆ ಓಡುವಾಗ ಲೈಬ್ರರಿ ಎಳೆದುಕೊಳ್ಳುವ ಪ್ರೋಗ್ರಾಂಗಳು ಆಬ್ಜ್‌ಡಂಪ್‌ಗೂ ಸಿಗುವುದಿಲ್ಲ. ಅದಕ್ಕೆ ಪ್ರತಿಯೊಂದನ್ನೂ ತೆರೆದು, ಓಡುತ್ತಿರುವ ಪ್ರೋಗ್ರಾಂ ಯಾವ ಲೈಬ್ರರಿ ಎಳೆದುಕೊಂಡಿದೆ ಎಂದು ತೋರಿಸುವ ಪ್ರಾಕ್ ಫೋಲ್ಡರಿನ ಮ್ಯಾಪ್ಸ್ ಫೈಲಿನಲ್ಲಿ ಜಿಟಿಕೆ 2 ಹೆಸರು ಹುಡುಕಿದೆ. ಜಾಸ್ತಿ ಹೊತ್ತು ಹಿಡಿದದ್ದು ಇದೇ. ಸಿಕ್ಕಿದ್ದು ಟೈಮ್‌ಟೇಬಲ್ ಒಂದೇ.

ಒಂದೇ ಪ್ರೋಗ್ರಾಂ, ಆದರೆ ಶಾಲೆ ನಡೆಯುವುದು ಅದರ ಮೇಲೆ. ಮೂಲ ತಂಡ 2015ರಲ್ಲಿ ಕೈಬಿಟ್ಟ ಕ್ಯೂಟಿ 4 (ಜಿಟಿಕೆಯಂಥದೇ ಇನ್ನೊಂದು ಲೈಬ್ರರಿ) ಡೆಬಿಯನ್‌ನಿಂದ ಪೂರ್ತಿ ಹೊರಗೆ ಹೋದದ್ದು 2021ರ ಡೆಬಿಯನ್ 11ರಲ್ಲಿ. ಡೆಬಿಯನ್‌ನವರೇ ಅಷ್ಟು ಕಾದಿದ್ದಾರೆ. ನಾನು ಸುಮ್ನೆ ಅವಸರ ಮಾಡಬಾರದಿತ್ತು.

ಲೈಬ್ರರಿಯನ್ನು ಪ್ಯಾಕೇಜ್ ಪಟ್ಟಿಗೆ ಹೆಸರು ಹಿಡಿದು ಸೇರಿಸಿದ್ದೇನೆ, ಯಾಕೆ ಎಂದು ಪಕ್ಕದಲ್ಲೇ ಬರೆದಿದ್ದೇನೆ. ಮೇಷ್ಟ್ರು ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡುವುದರಿಂದ ಐಬಸ್ ಮಾಡ್ಯೂಲ್ ಕೂಡ ವಾಪಸ್ ಬಂದಿದೆ. ಥೀಮ್ ಎಂಜಿನ್ ಮಾತ್ರ ಹೋಯಿತು. ಬೇಸಿಗೆ ರಜೆಯಲ್ಲಿ ಮೇಷ್ಟ್ರ ಜೊತೆ ಕೂತು ಟೈಮ್‌ಟೇಬಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ತರುವುದೆಂದು ಮಾತಾಗಿದೆ. ಜೂನ್‌ನಲ್ಲಿ ಒಂದು ತಿಂಗಳು ಅದರಲ್ಲೇ ಕೆಲಸ ನಡೆದರೆ, ಆ ಎರಡು ಸಾಲು ಪಟ್ಟಿಯಿಂದ ಅಳಿಸುತ್ತೇನೆ.