ದೊಡ್ಡಪ್ಪನ ಅಂಬಾಸಿಡರ್‌ಗೆ ಆಲ್ಟರ್ನೇಟರ್ ಹಾಕ್ಸಿದ್ದು

ಹೋದ ಮಳೆಗಾಲ ಧರ್ಮಸ್ಥಳದಿಂದ ವಾಪಸ್ ಬರ್ತಾ ಚಾರ್ಮಾಡಿ ಘಾಟಿ ಹತ್ತೋವಾಗ ರಾತ್ರಿ ಎಂಟೂವರೆ ಆಗಿತ್ತು, ಮಳೆ ಅಂದ್ರೆ ಮಳೆ, ಅದ್ರ ಮೇಲೆ ಮಂಜು, ಮುಂದೆ ಒಂದು ಲಾರಿ ನಿಂತು ನಿಂತು ಹೋಗ್ತಿದೆ, ನಾವು ಅದ್ರ ಬಾಲ ಹಿಡ್ಕೊಂಡು ಹೋಗ್ತಿದೀವಿ. ಹೆಡ್‌ಲೈಟು, ವೈಪರು ಎರಡೂ ಆನ್. ನಾಲ್ಕೈದು ತಿರುವು ಆಗೋಷ್ಟರಲ್ಲಿ ಲೈಟು ಸೀಮೆಎಣ್ಣೆ ಬುಡ್ಡಿ ಥರ ಆಯ್ತು, ವೈಪರ್ ಗಾಜಿನ ಅರ್ಧಕ್ಕೆ ಬಂದು ಎಳೀತಾ ಎಳೀತಾ ನಿಂತೇ ಹೋಯ್ತು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ "ಸೈಡಿಗೆ ಹಾಕೋ ಮಾರಾಯ, ರೋಡೇ ಕಾಣ್ತಿಲ್ಲ" ಅಂದ್ರು. ಅವತ್ತು ನಂಗೆ ನಿಜವಾಗ್ಲೂ ಹೆದರಿಕೆ ಆಯ್ತು.

ಗಾಡಿ 1967ರ ಮಾರ್ಕ್ ಟೂ ಅಂಬಾಸಿಡರ್. ಇಂಜಿನ್ ತಿರುಗೋವಾಗ ಕರೆಂಟ್ ಮಾಡಿ ಬ್ಯಾಟರಿ ಚಾರ್ಜ್ ಮಾಡೋಕೆ ಹಳೇ ಕಾಲದ ಡೈನಮೋ ಇರೋ ಗಾಡಿ.

ಮನೆಗೆ ಬಂದ್ಮೇಲೆ ಎಲ್ರೂ ಡೈನಮೋ ಹೋಗಿದೆ ಅಂದ್ರು. ಹೋಗಿರ್ಲಿಲ್ಲ. ಅದೇ ನಂಗೆ ಇವತ್ತಿಗೂ ಹೇಳ್ಬೇಕು ಅನ್ಸೋ ವಿಷ್ಯ. ಡೈನಮೋ ಇಂಜಿನ್ ಸ್ವಲ್ಪ ಓಡಿದ್ರೆ ಮಾತ್ರ ಕರೆಂಟ್ ಕೊಡೋದು, ಸ್ಲೋನಲ್ಲಿ ನಿಂತಿದ್ರೆ ಅದ್ರ ವೋಲ್ಟೇಜ್ ಬ್ಯಾಟರಿಗಿಂತ ಕೆಳಗೆ ಇಳಿಯತ್ತೆ, ಆಗ ಕಟೌಟ್ ಅನ್ನೋ ಸ್ವಿಚ್ ಅದನ್ನ ಬ್ಯಾಟರಿಯಿಂದ ಬೇರೆ ಮಾಡ್ಬಿಡತ್ತೆ, ಇಲ್ಲಾಂದ್ರೆ ಬ್ಯಾಟರಿ ಕರೆಂಟೇ ವಾಪಸ್ ಡೈನಮೋಗೆ ಹರಿದು ಸುಟ್ಟು ಹೋಗತ್ತೆ. ನಮ್ಮದು ಪೂರ್ತಿ ಸ್ಪೀಡಲ್ಲಿ ಓಡಿದ್ರೂ ಕೊಡೋದು 22 ಆಂಪಿಯರ್. ನಾನೇ ಎರಡು ವರ್ಷದ ಹಿಂದೆ 60/55 ವ್ಯಾಟ್ ಹ್ಯಾಲೋಜನ್ ಬಲ್ಬ್ ಹಾಕ್ಸಿದ್ದೆ, ಡಿಮ್‌ನಲ್ಲೇ ಎರಡು ಬಲ್ಬಿಗೆ ಒಂಬತ್ತು ಆಂಪಿಯರ್, ಅದ್ರ ಮೇಲೆ ವೈಪರ್, ಇಗ್ನಿಷನ್ ಕಾಯಿಲ್, ಹಿಂದಿನ ಲೈಟು. ಘಾಟಿಯಲ್ಲಿ ಅಷ್ಟನ್ನೂ ಬ್ಯಾಟರಿ ಒಂದೇ ಹೊತ್ಕೊಂಡಿತ್ತು. ಪಾಪ ಡೈನಮೋದು ಏನು ತಪ್ಪು.

ಅದಕ್ಕೆ ಸ್ಲೋನಲ್ಲೂ ಕರೆಂಟ್ ಕೊಡೋ ಆಲ್ಟರ್ನೇಟರ್ ಹಾಕ್ಸೋಣ ಅಂದೆ. ದೊಡ್ಡಪ್ಪ ಒಪ್ಲಿಲ್ಲ. "ಇಷ್ಟು ವರ್ಷ ಇದ್ರಲ್ಲೇ ಓಡ್ಸಿದೀನಲ್ಲೋ, ಕಾರ್ಬನ್ ಬ್ರಷ್ ಹಾಕ್ಸಿದ್ರೆ ಸಾಕು" ಅಂತ. ಅವ್ರ ಮಾತು ಸುಳ್ಳಲ್ಲ, ಹಗಲು ಹೊತ್ತು ತೋಟಕ್ಕೆ ಹೋಗಿ ಬರೋಕೆ ಡೈನಮೋ ಧಾರಾಳ ಸಾಕು. ಆದ್ರೆ ರಾತ್ರಿ ಮಳೇಲಿ ಮನೆಯವ್ರನ್ನ ಕೂರಿಸ್ಕೊಂಡು ಘಾಟಿ ಹತ್ತೋ ಗಾಡಿ ಇದು. ಷೆಡ್ಡಲ್ಲಿ ಕವರ್ ಹಾಕಿ ಇಡೋಕೆ ನಂಗೆ ಮನಸ್ಸಿಲ್ಲ. ಒಂದು ವಾರ ಬಿಟ್ಟು "ಬಿಚ್ಚಿದ್ದನ್ನ ಗುಜರಿಗೆ ಮಾತ್ರ ಹಾಕ್ಬೇಡ" ಅಂದ್ರು, ಅಷ್ಟೇ.

ಚಿಕ್ಕಮಗಳೂರಲ್ಲಿ ನಮ್ಗೆ ಪರಿಚಯದ ಒಬ್ರು ಆಟೋ ಎಲೆಕ್ಟ್ರಿಷಿಯನ್ ಇದಾರೆ, ವಯಸ್ಸಾದವ್ರು, ಎಲ್ರೂ ಭಾಯ್ ಅಂತಾರೆ. ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ನಿಲ್ಸಿದ್ವಿ. ಅವ್ರು ಮೊದ್ಲು ನೋಡಿದ್ದೇ ಬ್ಯಾಟರಿ. ನಮ್ಮ ಗಾಡೀಲಿ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ತಗಡಿಗೆ ಸೇರಿ ಅರ್ತ್ ಆಗಿತ್ತು, ಹಳೇ ಬ್ರಿಟಿಷ್ ಗಾಡಿಗಳ ಥರ. ಹಾಗೇ ಆಲ್ಟರ್ನೇಟರ್ ಕೊಟ್ಟಿದ್ರೆ ಅದ್ರೊಳಗಿನ, ಕರೆಂಟನ್ನ ಒಂದೇ ಕಡೆಗೆ ಬಿಡೋ ಡಯೋಡ್ ಎಲ್ಲಾ ಒಂದೇ ಸಲಕ್ಕೆ ಹೋಗ್ತಿತ್ತು. ಬ್ಯಾಟರಿ ತಿರುಗಿಸಿ ನೆಗೆಟಿವ್ ಅರ್ತ್ ಮಾಡಿದ್ರು, ಕಾಯಿಲ್‌ನ ಎರಡು ಸಣ್ಣ ವೈರ್ ಅದಲು ಬದಲು ಮಾಡಿದ್ರು. ಹಾಗಾದ್ರೆ ಇಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟರ್ ಉಲ್ಟಾ ತಿರುಗಲ್ವಾ ಅಂತ ದೊಡ್ಡಪ್ಪ ಕೇಳಿದ್ರು. "ಇಲ್ಲ ಸಾಹೇಬ್ರೆ, ಅದ್ರಲ್ಲಿ ನಿಂತಿರೋ ಸುರುಳಿ ಫೀಲ್ಡೂ, ತಿರುಗೋ ಸುರುಳಿ ಆರ್ಮೇಚರೂ ಒಟ್ಟಿಗೆ ಬದ್ಲಾಗತ್ತೆ, ತಿರುಗೋದು ಹಾಗೇ ತಿರುಗತ್ತೆ" ಅಂದ್ರು.

ಹಾಕಿದ್ದು ಓಮ್ನಿ ಗಾಡಿಯ ಆಲ್ಟರ್ನೇಟರ್. ಡೈನಮೋ ಉದ್ದ, ಇದು ಗಿಡ್ಡ, ಬ್ರಾಕೆಟ್ ಮಧ್ಯ ಜಾಗ ಉಳಿಯತ್ತೆ, ಅದಕ್ಕೆ ಪೈಪಿನ ತುಂಡು ಬೇಕು. ನಮ್ಮ ಬೆಲ್ಟ್ ಅಗಲ, ಓಮ್ನಿ ಪುಲ್ಲಿ ಸಣ್ಣದು. ಎರಡನ್ನೂ ಲೇತಲ್ಲಿ ಮಾಡ್ಸ್ಕೊಂಡು ಬರೋಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಭಾಯ್ ಕ್ರ್ಯಾಂಕ್ ಪುಲ್ಲಿಯಿಂದ ಆಲ್ಟರ್ನೇಟರ್ ಪುಲ್ಲಿಗೆ ಒಂದು ದಾರ ಎಳೆದು ಒಂದು ಕಣ್ಣು ಮುಚ್ಚಿ ನೋಡಿದ್ರು, ಒಂದು ತೆಳು ವಾಷರ್ ಹಾಕಿದ್ರು, ಮತ್ತೆ ನೋಡಿದ್ರು, ಅದನ್ನ ತೆಗೆದು ಇನ್ನೂ ತೆಳುದು ಹಾಕಿದ್ರು. ಬೆಲ್ಟ್ ಸೊಟ್ಟ ಓಡಿದ್ರೆ ತಿಂಗಳಲ್ಲಿ ಹರಿಯತ್ತೆ ಅಂತ. ಆ ತಾಳ್ಮೆ ನೋಡಿ ನಂಗೆ ಕೈ ಮುಗಿಯೋಣ ಅನ್ನಿಸ್ತು. ಔಟ್‌ಪುಟ್‌ಗೆ ದಪ್ಪ ವೈರ್ ಹೊಸದಾಗಿ ಎಳೆದ್ರು, ಕಟೌಟ್ ಬಾಕ್ಸಿಗೆ ಕೆಲಸ ಇಲ್ಲ, ನೋಡೋಕೆ ಇರ್ಲಿ ಅಂತ ಅಲ್ಲೇ ಬಿಟ್ವಿ.

ಸ್ಟಾರ್ಟ್ ಮಾಡಿದ್ರೆ ಮೀಟರಲ್ಲಿ 12.3 ವೋಲ್ಟ್, ಅಂದ್ರೆ ಚಾರ್ಜೇ ಆಗ್ತಿಲ್ಲ. ರೇಸ್ ಕೊಟ್ರೂ 12.3. ದೊಡ್ಡಪ್ಪ ಏನೂ ಅನ್ಲಿಲ್ಲ, ನನ್ನ ಮುಖ ನೋಡಿದ್ರು. ನಾನು ಬ್ಯಾಟರಿ ವೈರ್ ಬಿಚ್ಚಿ ನೋಡೋಣ್ವಾ ಅಂತ ಕೈ ಹಾಕೋಕೆ ಹೋದೆ, ಭಾಯ್ ಜೋರಾಗಿ ಕಿರುಚಿದ್ರು, "ಇಂಜಿನ್ ಓಡೋವಾಗ ಬ್ಯಾಟರಿ ಮುಟ್ಬೇಡಿ, ಡಯೋಡ್ ಹೋಗತ್ತೆ!" ಆಮೇಲೆ ಡ್ಯಾಶ್‌ಬೋರ್ಡ್ ಕಡೆ ಬಗ್ಗಿ ಕೀ ಆನ್ ಆಫ್ ಮಾಡಿ ನೋಡಿದ್ರು. ಚಾರ್ಜಿಂಗ್‌ದು ಕೆಂಪು ಲೈಟು ಹತ್ತುತ್ತಲೇ ಇಲ್ಲ. ಬಲ್ಬ್ ಹೋಗಿದೆ, ಎಷ್ಟು ವರ್ಷ ಆಯ್ತೋ. ಡೈನಮೋಗೆ ಅದು ಇಲ್ದಿದ್ರೂ ನಡೀತಿತ್ತು. ಆಲ್ಟರ್ನೇಟರ್‌ಗೆ ಶುರುವಲ್ಲಿ ಮ್ಯಾಗ್ನೆಟ್ ಎಬ್ಬಿಸೋಕೆ ಬೇಕಾದ ಚೂರು ಕರೆಂಟ್ ಬರೋದೇ ಆ ಬಲ್ಬಿನ ಮೂಲಕ. ಕಡ್ಲೆಕಾಯಿ ಗಾತ್ರದ ಬಲ್ಬ್, ಭಾಯ್ ಡಬ್ಬೀಲೇ ಇತ್ತು. ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ ಕೆಂಪು ಲೈಟ್ ಆರಿತು, ಮೀಟರ್ 14.1. ಹೆಡ್‌ಲೈಟ್, ವೈಪರ್ ಎಲ್ಲಾ ಹಾಕಿ ಸ್ಲೋನಲ್ಲೇ ಬಿಟ್ರೂ 13.7ಕ್ಕಿಂತ ಕೆಳಗೆ ಬರ್ಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಅದೇ ಘಾಟಿ, ಅದೇ ಮಳೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನೋಕೆ ನಿಲ್ಸಿದ್ವಿ. ದೊಡ್ಡಪ್ಪ "ಇಂಜಿನ್ ಆಫ್ ಮಾಡ್ಬೇಡ, ಲೈಟೂ ಹಾಗೇ ಇರ್ಲಿ" ಅಂತ ಹೇಳಿ, ಛತ್ರಿ ಹಿಡ್ಕೊಂಡು ಗಾಡಿ ಮುಂದೆ ಹೋಗಿ ಮಳೇಲೇ ನಿಂತು ನೋಡ್ತಿದ್ರು. ನಾನು ಕರೆಯೋಕೆ ಹೋಗ್ಲಿಲ್ಲ. ಡೈನಮೋ ಈಗ ಅವ್ರ ರೂಮಲ್ಲಿ ಮಂಚದ ಕೆಳಗಿದೆ, ಸೀಮೆಎಣ್ಣೇಲಿ ತೊಳೆದು ಗ್ರೀಸ್ ಸವರಿ ಕಾಫಿ ಚೀಲದಲ್ಲಿ ಸುತ್ತಿಟ್ಟಿದಾರೆ.