ಕುಮಾರ ಪರ್ವತ ಇಳಿಯೋವಾಗ ಹೋದ ಎರಡು ಉಗುರು, ಮತ್ತೆ ಶೂ ತಗೊಳೋ ವಿಚಾರ

ಮೊನ್ನೆ ಆಫೀಸಲ್ಲಿ ಹೊಸದಾಗಿ ಸೇರಿರೋ ಹುಡುಗ ಒಬ್ಬ ಬಂದು "ಅಣ್ಣ, ಟ್ರೆಕ್ಕಿಂಗ್ ಶೂ ಯಾವ್ದು ತಗೊಳ್ಲಿ, ಒಂದು ಲಿಂಕ್ ಕಳ್ಸಿ" ಅಂದ. ಇದು ಲಿಂಕ್ ಕಳ್ಸೋ ವಿಷಯಾನೇ ಅಲ್ಲಪ್ಪ ಅಂತ ಶುರು ಮಾಡಿ ಅರ್ಧ ಗಂಟೆ ಕೊರೆದೆ, ಪಾಪ ಅವ್ನ ಕಾಫಿ ತಣ್ಣಗಾಗೋಯ್ತು. ಅದ್ನೇ ಇಲ್ಲಿ ಬರ್ದು ಹಾಕ್ತಿದ್ದೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದ್ರದ್ದೇ ಲಿಂಕ್ ಕಳ್ಸಬೋದು.

ನನ್ನ ಮೊದಲ್ನೇ ದೊಡ್ಡ ಟ್ರೆಕ್ಕು ಕುಮಾರ ಪರ್ವತ, ಕುಕ್ಕೆ ಕಡೆಯಿಂದ. ಎತ್ತರ 1712 ಮೀಟರ್ ಅಂದ್ರೆ ಮುಳ್ಳಯ್ಯನಗಿರಿಗಿಂತ ಕಮ್ಮಿನೇ, ಆದ್ರೆ ಮುಳ್ಳಯ್ಯನಗಿರಿಗೆ ಅರ್ಧಕ್ಕರ್ಧ ಗಾಡಿಲೇ ಹೋಗ್ಬಿಡ್ತೀವಿ, ಕುಕ್ಕೆ ಇರೋದು ಘಟ್ಟದ ಬುಡದಲ್ಲಿ, ಅಲ್ಲಿಂದ ತುದಿವರೆಗೂ 1500 ಮೀಟರ್‌ಗಿಂತ ಜಾಸ್ತಿನೇ ನಾವೇ ಹತ್ಬೇಕು, ಆಮೇಲೆ ಅಷ್ಟೂ ಇಳೀಬೇಕು. ಈ ಇಳಿಯೋದರ ಬಗ್ಗೆ ನಾನು ಯೋಚ್ನೇನೇ ಮಾಡಿರ್ಲಿಲ್ಲ. ಹೋಗೋ ಹಿಂದಿನ ದಿನ ಮಧ್ಯಾಹ್ನ ಊಟದ ಬ್ರೇಕಲ್ಲಿ ಓಡಿ ಹೋಗಿ ಶೂ ತಗೊಂಡಿದ್ದೆ, ಆಫೀಸ್ ಸಾಕ್ಸ್ ಮೇಲೇನೇ ಹಾಕಿ ನೋಡಿ, ಎಂಟನೇ ನಂಬರು, ನನ್ನ ಯಾವಾಗ್ಲೂ ಇರೋ ನಂಬರೇ. ಸ್ವಲ್ಪ ಬಿಗಿ ಅನ್ಸುತ್ತೆ ಅಂದಿದ್ದಕ್ಕೆ ಅಂಗಡಿಯವ್ರು "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್" ಅಂದ್ರು. ಆಯ್ತು ಅಂತ ಬಿಲ್ ಮಾಡ್ಸಿದೆ.

ಹತ್ತೋವಾಗ ಏನೂ ಆಗ್ಲಿಲ್ಲ. ಹತ್ತೋವಾಗ ಕಾಲು ಹಿಮ್ಮಡಿ ಕಡೆ ಕೂತಿರುತ್ತೆ, ಎಂಥ ಶೂ ಆದ್ರೂ ನಡಿಯುತ್ತೆ. ಕಲ್ಲು ಮಂಟಪ, ಶೇಷ ಪರ್ವತ ಎಲ್ಲಾ ದಾಟಿ ತುದಿ ಮುಟ್ಟಿ ಫೋಟೋ ತೆಗ್ಸ್ಕೊಂಡು ವಾಪಸ್ ಹೊರಟ ಒಂದು ಗಂಟೆಗೆ ಶುರುವಾಯ್ತು ನೋಡಿ. ಒಂದೊಂದು ಹೆಜ್ಜೆಗೂ ಹೆಬ್ಬೆರಳು ಶೂ ಮೂತಿಗೆ ಟಕ್ ಅಂತ ಹೊಡೆಯೋದು. ಗಿರಿಗದ್ದೆ ಭಟ್ಟರ ಮನೆಗೆ ಬರೋಷ್ಟ್ರಲ್ಲಿ ಅಡ್ಡಡ್ಡ ನಡೀತಿದ್ದೆ, ಏಡಿ ಥರ. ಅಲ್ಲಿ ಅನ್ನ ಸಾಂಬಾರು ಮಜ್ಜಿಗೆ ಉಂಡು, ಆರಾಮಾಗಿರ್ಲಿ ಅಂತ ಶೂ ಬಿಚ್ಚಿದ್ದೇ ತಪ್ಪಾಯ್ತು, ಕಾಲು ಊದ್ಕೊಂಡು ಮತ್ತೆ ಒಳಗೇ ಹೋಗ್ಲಿಲ್ಲ. ಕೆಳಗೆ ಕಾಡಿನ ದಾರಿ ಇನ್ನೂ ಬಾಕಿ ಇತ್ತು, ಬರೀ ಬೇರು ಬರೀ ಕಲ್ಲು. ನಾನು ಹಿಮ್ಮುಖವಾಗಿ ಇಳೀತಾ ಇರೋವಾಗ ತಲೆ ಮೇಲೆ ಮೂಟೆ ಹೊತ್ಕೊಂಡು ಹವಾಯಿ ಚಪ್ಪಲಿ ಹಾಕ್ಕೊಂಡ ಒಬ್ರು ನನ್ನ ದಾಟ್ಕೊಂಡು ಹೋದ್ರು, ಒಂದ್ಸಲ ತಿರುಗಿ ನೋಡಿ ನಕ್ಕು. ಎರಡೂ ಹೆಬ್ಬೆರಳಿನ ಉಗುರು ಮೊದ್ಲು ನೇರಳೆ ಆಯ್ತು, ಆಮೇಲೆ ಕಪ್ಪು, ಒಂದು ತಿಂಗಳಾದ್ಮೇಲೆ ಸ್ನಾನ ಮಾಡ್ವಾಗ ಒಂದು, ಸಾಕ್ಸ್ ಒಳಗೆ ಇನ್ನೊಂದು ಬಿದ್ದೋಯ್ತು. ಹೊಸದು ಪೂರ್ತಿ ಬರಕ್ಕೆ ಒಂದು ವರ್ಷದ ಮೇಲೆ ಹಿಡೀತು.

ಆ ಹವಾಯಿ ಚಪ್ಪಲಿ ನೋಡಿ "ಶೂನೇ ಬೇಡ ಬಿಡು, ಅವ್ರು ಹತ್ತಲ್ವಾ" ಅನ್ನೋರು ಇದ್ದಾರೆ. ಅವ್ರಿಗೆ ಯಾವ ಕಲ್ಲು ಅಲ್ಲಾಡುತ್ತೆ ಯಾವುದು ಜಾರುತ್ತೆ ಅಂತ ಕಾಲಿಗೇ ಗೊತ್ತು. ನಾವು ವಾರ ಪೂರ್ತಿ ಲಿಫ್ಟಲ್ಲಿ ಓಡಾಡೋ ಜನ.

ಸರಿ, ಅಳತೆ ವಿಷ್ಯ. ನನ್ಗೆ ಎಂಟು ನಂಬರ್ ಅನ್ನೋದು ಆಫೀಸ್ ಶೂಗೆ, ಬೆಳಗ್ಗೆ ಹೊತ್ತಿಗೆ, ತೆಳು ಸಾಕ್ಸಿಗೆ. ಬೆಟ್ಟದಲ್ಲಿ ನಾಲ್ಕೈದು ಗಂಟೆ ನಡೆದ ಕಾಲು ಬೇರೆ ಕಾಲೇ. ಅದಕ್ಕೇ ಶೂ ನೋಡಕ್ಕೆ ಸಂಜೆ ಹೊತ್ತು ಹೋಗ್ಬೇಕು, ಇಡೀ ದಿನ ಓಡಾಡಿ ಕಾಲು ಸ್ವಲ್ಪ ಊದಿರುತ್ತೆ, ಜೊತೆಗೆ ಟ್ರೆಕ್ಕಿಗೆ ಹಾಕೋ ದಪ್ಪ ಸಾಕ್ಸನ್ನೇ ತಗೊಂಡು ಹೋಗ್ಬೇಕು. ಲೇಸ್ ಕಟ್ದೆ ಕಾಲನ್ನ ಪೂರ್ತಿ ಮುಂದಕ್ಕೆ ತಳ್ಳಿ, ಬೆರಳು ಮೂತಿಗೆ ತಾಗಿದಾಗ ಹಿಮ್ಮಡಿ ಹಿಂದೆ ಒಂದು ತೋರುಬೆರಳು ಸಲೀಸಾಗಿ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಅದು ಎಷ್ಟೇ ಚೆನ್ನಾಗಿದ್ರೂ ಕೆಳಗಿಡಿ. ಯುಕೆ ನಂಬರಲ್ಲಿ ಒಂದು ನಂಬರ್ ಅಂದ್ರೆ ಸುಮಾರು 8.5 ಮಿಲಿಮೀಟರು, ಯೂರೋಪ್ ನಂಬರಲ್ಲಿ (ಆ 41, 42 ಅಂತಿರುತ್ತಲ್ಲ ಅದು) 6.7 ಮಿಲಿಮೀಟರ್ ಹತ್ರ, ಅದಕ್ಕೇ ಎರಡೂ ಸರಿಯಾಗಿ ಕೂಡೋದಿಲ್ಲ, ಒಂದು ಕಂಪನಿ ಎಂಟು ಇನ್ನೊಂದು ಕಂಪನಿ ಎಂಟೂವರೆಗೆ ಸಮ ಇರುತ್ತೆ. ನಾನು ಈಗ ಹಾಕೋದು ಒಂಬತ್ತು. ನಂಬರ್ ನೋಡಿ ನಾಚ್ಕೊಳೋಂಥದ್ದೇನಿಲ್ಲ ಅದ್ರಲ್ಲಿ.

ಉದ್ದಕ್ಕಿಂತ ದೊಡ್ಡ ತಲೆನೋವು ಅಗಲ. ಸ್ಕೂಲ್ ಮುಗ್ಯೋವರೆಗೂ ಬರಿಗಾಲಲ್ಲಿ, ಇಲ್ಲಾಂದ್ರೆ ಚಪ್ಪಲಿಲೇ ತಿರುಗಿದ ಕಾಲು ನಂದು, ಬೆರಳು ಎಲ್ಲಾ ಬೀಸಣಿಗೆ ಥರ ಹರಡ್ಕೊಂಡಿದೆ, ಅಮ್ಮ ಬಾತುಕೋಳಿ ಪಾದ ಅಂತಾಳೆ. ಇದಕ್ಕೆ ಒಂದು ಸುಲಭದ ಉಪಾಯ ಇದೆ: ಶೂ ಒಳಗಿನ ಸೋಲ್ ಎಳೆದು ತೆಗೆದು ನೆಲದ ಮೇಲಿಟ್ಟು ಅದ್ರ ಮೇಲೆ ನಿಂತ್ಕೊಳಿ, ಭಾರ ಪೂರ್ತಿ ಹಾಕಿ. ಕಿರುಬೆರಳು ಅಂಚು ದಾಟಿ ಹೊರಗೆ ಬಂದಿದ್ರೆ ಆ ಶೂ ಕಚ್ಚೇ ಕಚ್ಚುತ್ತೆ, ಒಂದು ನಂಬರ್ ದೊಡ್ಡದು ತಗೊಂಡ್ರೂ ಉದ್ದ ಜಾಸ್ತಿ ಆಗುತ್ತೆ ವಿನಾ ಸಮಸ್ಯೆ ಹೋಗಲ್ಲ, ಬೇರೆ ಮಾಡೆಲ್ಲೇ ನೋಡ್ಬೇಕು. ನಾನು ಹೀಗೆ ನೆಲದ ಮೇಲೆ ಸೋಲ್ ಹರಡ್ಕೊಂಡು ನಿಂತಾಗ ಅಂಗಡಿ ಹುಡುಗ್ರು ಒಂಥರಾ ನೋಡ್ತಾರೆ, ನೋಡ್ಲಿ.

ಆಮೇಲೆ ಇಳಿಜಾರು. ಕೆಲವು ದೊಡ್ಡ ಅಂಗಡಿಗಳಲ್ಲಿ ಪರೀಕ್ಷೆ ಮಾಡಕ್ಕೇ ಒಂದು ಸಣ್ಣ ರ‍್ಯಾಂಪ್ ಇಟ್ಟಿರ್ತಾರೆ, ಇಲ್ದಿದ್ರೆ ಮೆಟ್ಟಿಲಾದ್ರೂ ಇರುತ್ತೆ. ಲೇಸ್ ಗಟ್ಟಿ ಕಟ್ಟಿ, ಇಳಿಯೋವಾಗ ಕಾಲನ್ನ ಸ್ವಲ್ಪ ಜೋರಾಗಿ ಕುಟ್ಟಿ ಇಳೀರಿ, ಬೆರಳು ಮುಂದೆ ತಾಗ್ತಿದ್ಯಾ ಅಂತ ಗಮನ ಕೊಡಿ. ಹತ್ತೋವಾಗ ಹಿಮ್ಮಡಿ ಮೇಲೆದ್ದು ಉಜ್ಜುತ್ತಾ ಅಂತ ನೋಡಿ. ಸ್ವಲ್ಪ ಎದ್ರೆ ಲೇಸಿನ ಕೊನೇ ತೂತು ಇರುತ್ತಲ್ಲ, ನಾವ್ಯಾರೂ ಬಳಸ್ದೆ ಖಾಲಿ ಬಿಡ್ತೀವಲ್ಲ, ಅದ್ರಲ್ಲಿ ಆ ಕಡೆ ಈ ಕಡೆ ಒಂದೊಂದು ಕುಣಿಕೆ ಮಾಡಿ ಎದುರಿನ ಲೇಸನ್ನ ಅದ್ರೊಳಗೆ ತೂರ್ಸಿ ಎಳೆದ್ರೆ ಹಿಮ್ಮಡಿ ಹಿಡ್ಕೊಂಡು ಕೂರುತ್ತೆ. ಇದು ಮೊದ್ಲೇ ಗೊತ್ತಿದ್ದಿದ್ರೆ ನನ್ನ ಒಂದು ಉಗುರಾದ್ರೂ ಉಳೀತಿತ್ತೇನೋ.

ವಾಟರ್‌ಪ್ರೂಫ್ ಬಗ್ಗೆ ಎಲ್ರೂ ಕೇಳ್ತಾರೆ. ಹಿಮಾಲಯದ ಹಿಮಕ್ಕೆ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಜುಲೈ ತಿಂಗಳ ಕುದುರೆಮುಖದಲ್ಲಿ ನೀರು ಹೊರಗಿಂದ ಬಟ್ಟೆ ಮೂಲಕ ಬರಲ್ಲ ಸ್ವಾಮಿ, ಮೇಲಿಂದ ಬರುತ್ತೆ, ಮೊಣಕಾಲುದ್ದ ಹಳ್ಳ ದಾಟ್ಬೇಕು ಅಲ್ಲಿ. ಒಳಗೆ ಹೋದ ನೀರು ಅದೇ ವಾಟರ್‌ಪ್ರೂಫ್ ಪದರ ಇರೋದ್ರಿಂದ ಹೊರಗೂ ಬರಲ್ಲ, ಎರಡು ಬಕೆಟ್ ಕಟ್ಕೊಂಡು ನಡ್ದಂಗೆ ಇರುತ್ತೆ. ನಮ್ಮ ಮಳೆಗೆ ನನ್ನ ಓಟು ಜಾಲರಿ ಬಟ್ಟೆಯ, ಬೇಗ ನೀರು ಬಿಡೋ ಶೂಗೆ. ಹತ್ತಿ ಸಾಕ್ಸ್ ಮಾತ್ರ ಬೇಡ, ಒದ್ದೆ ಆದ್ರೆ ಒದ್ದೇನೇ, ಬೊಬ್ಬೆ ಏಳೋದು ಅದ್ರಿಂದಾನೇ. ಇಂಬಳಕ್ಕೆ ಯಾವ ಶೂನೂ ಅಡ್ಡ ಬರಲ್ಲ, ಅದಕ್ಕೆ ಮೊಣಕಾಲವರೆಗಿನ ಲೀಚ್ ಸಾಕ್ಸು, ಇಲ್ಲಾ ಮಲ್ನಾಡಿನವ್ರ ಥರ ಉಪ್ಪು, ಹೊಗೆಸೊಪ್ಪು.

ಬಾಳಿಕೆ ಬಗ್ಗೆ ಹೇಳ್ಬೇಕಂದ್ರೆ ಎರಡನೇ ಮರ್ಯಾದೆ ಹೋದ ಕಥೆ ಹೇಳ್ಬೇಕು. ಉಗುರು ಹೋದ್ಮೇಲೆ ಬುದ್ಧಿ ಬಂದು 2019ರಲ್ಲಿ ದುಬಾರಿದೇ ಒಂದು ಲೆದರ್ ಬೂಟ್ ತಗೊಂಡೆ. ಎರಡು ಸಲ ಹಾಕ್ದೆ. ಆಮೇಲೆ ಲಾಕ್‌ಡೌನು, ಮಗು, ಅದು ಇದು, ಬೂಟು ಡಬ್ಬಿ ಸಮೇತ ಅಟ್ಟ ಸೇರ್ತು. 2023ರಲ್ಲಿ ಕೊಡಚಾದ್ರಿಗೆ ಅಂತ ಇಳ್ಸಿದ್ರೆ ಹೊಸದರ ಥರ ಫಳಫಳ. ಹಿಡ್ಲುಮನೆ ಫಾಲ್ಸ್ ದಾರಿ ಹಿಡಿದು ಇನ್ನೂ ಒಂದು ಗಂಟೆ ಆಗಿಲ್ಲ, ಬಲಗಾಲಿನ ಸೋಲ್ ಮೊಸಳೆ ಬಾಯಿ ಬಿಟ್ಟಂಗೆ ತೆರ್ಕೊಳ್ತು, ಹತ್ತು ನಿಮಿಷಕ್ಕೆ ಎಡಗಾಲಿಂದೂ. ಕೈಲಿ ಮುಟ್ಟಿದ್ರೆ ಒಳಗಿನ ಸ್ಪಂಜು ಒಣಗಿದ ಬ್ರೆಡ್ ಪುಡಿ ಥರ ಉದುರ್ತಿದೆ. ವಾಪಸ್ ಬರೋ ದಾರಿಲಿ ಒಂದು ಮನೆ ಅಜ್ಜ ಜಗಲಿ ಮೇಲಿದ್ದ ಪ್ಲಾಸ್ಟಿಕ್ ಹಗ್ಗ ಕೊಟ್ರು, ಶೂಗೆ ಪಾರ್ಸೆಲ್ ಕಟ್ಟಿದಂಗೆ ಸುತ್ತಿ ಕಟ್ಟೋವಾಗ "ಎಷ್ಟು ಕೊಟ್ಟಿದ್ರಿ ಮಾರಾಯ್ರೇ ಇದಕ್ಕೆ?" ಅಂತ ಕೇಳಿದ್ರು. ಅರ್ಧಕ್ಕೆ ಇಳ್ಸಿ ಹೇಳ್ದೆ. ಅದಕ್ಕೇ ಅವ್ರು ಹಣೆ ಚಚ್ಕೊಂಡ್ರು.

ಮನೆಗೆ ಬಂದು ಓದಿದ್ಮೇಲೆ ಅರ್ಥ ಆಯ್ತು. ಕೆಲವು ಬೂಟಲ್ಲಿ ಸೋಲ್‌ಗೂ ಮೇಲ್ಭಾಗಕ್ಕೂ ಮಧ್ಯದ ಮೆತ್ತೆ ಪಾಲಿಯುರೆಥೇನ್‌ದು, ಪಿಯು ಅಂತಾರೆ. ದಿನಾ ಹಾಕಿದ್ರೆ ಇವಿಎ ಅನ್ನೋ ಇನ್ನೊಂದು ಥರದ ಹಗುರ ಫೋಮ್ ಮೆತ್ತೆಗಿಂತ ಇದೇ ಗಟ್ಟಿ, ಬೇಗ ಚಪ್ಪಟೆ ಆಗಲ್ಲ. ಆದ್ರೆ ಗಾಳಿಯ ತೇವಾನೇ ಅದನ್ನ ವರ್ಷಗಟ್ಲೆ ನಿಧಾನಕ್ಕೆ ಒಡೆದು ಹಾಕುತ್ತೆ, ಬಿಸಿ ಜಾಗದಲ್ಲಿ ಇನ್ನೂ ಬೇಗ, ನೀವು ಹಾಕಿ ಹಾಕ್ದೇ ಇರಿ. ಬಿಸಿಲಿಗೆ ಕಾದ ಅಟ್ಟದಲ್ಲಿ ಮುಚ್ಚಿದ ಡಬ್ಬಿ ಅಂದ್ರೆ ಅದಕ್ಕೆ ಮಸಣಾನೇ. ಹಾಗಾಗಿ ಆಫರಲ್ಲಿ ಸಿಗ್ತು ಅಂತ ಹಳೇ ಸ್ಟಾಕ್ ತಗೊಳೋ ಮುಂಚೆ ತಯಾರಾದ ತಿಂಗಳು ವರ್ಷ ನೋಡಿ, ಒಳಗಿನ ನಾಲಿಗೆ ಮೇಲೋ ಡಬ್ಬಿ ಮೇಲೋ ಸಾಮಾನ್ಯವಾಗಿ ಇರುತ್ತೆ. ಬಹಳ ದಿನ ಇಟ್ಟಿದ್ದ ಶೂ ಆದ್ರೆ ಟ್ರೆಕ್ಕಿಗೆ ಮುಂಚೆ ಒಂದು ವಾರ ಹಾಲು ತರೋದಕ್ಕೆ ಹಾಕ್ಕೊಂಡು ಓಡಾಡಿ, ಕಿತ್ತೋಗೋದಿದ್ರೆ ಮನೆ ಹತ್ರಾನೇ ಕಿತ್ತೋಗ್ಲಿ.

ಸೋಲಿನ ರಬ್ಬರ್ ವಿಷಯಕ್ಕೆ ಬಂದ್ರೆ ಹಳದಿ ಬಿಲ್ಲೆ ಮೇಲೆ ವಿಬ್ರಮ್ ಅಂತ ಬರೆದಿರೋದು ನೋಡಿರ್ತೀರಿ. ಇಟಲಿಯ ವಿಟಾಲೆ ಬ್ರಮಾನಿ ಅನ್ನೋ ಪರ್ವತಾರೋಹಿ, 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಜನ ಜೊತೆಗಾರರನ್ನ ಕಳ್ಕೊಂಡ್ಮೇಲೆ ಹಿಡಿತ ಇರೋ ರಬ್ಬರ್ ಸೋಲ್ ಮಾಡಕ್ಕೆ ಹೊರಟೋರು, ಅವ್ರ ಹೆಸರಿನ ತುಂಡುಗಳೇ ಅದು. ಒಳ್ಳೇ ರಬ್ಬರೇ, ಆದ್ರೆ ಪಾಚಿ ಹಿಡಿದ ಒದ್ದೆ ಬಂಡೆ ಮೇಲೆ ಯಾವ ಬಿಲ್ಲೆನೂ ಕಾಯಲ್ಲ. ಮೆತ್ತಗಿರೋ ರಬ್ಬರ್ ಚೆನ್ನಾಗಿ ಕಚ್ಚಿ ಹಿಡಿಯುತ್ತೆ, ಬೇಗ ಸವೆಯುತ್ತೆ. ಗಟ್ಟಿ ರಬ್ಬರ್ ವರ್ಷಗಟ್ಲೆ ಬರುತ್ತೆ, ಜಾರುತ್ತೆ. ನಾನು ಸವೆಯೋದನ್ನೇ ಆರ್ಸ್ಕೊಳ್ತೀನಿ, ಮೂಳೆಗಿಂತ ಸೋಲ್ ಅಗ್ಗ.

ಈಗಿರೋದು ಸಾಧಾರಣ ಬೆಲೆಯ ಅಗಲ ಮೂತಿದು, ಮೂರನೇ ಮಳೆಗಾಲ ನಡೀತಿದೆ. ಬಂದ ತಕ್ಷಣ ಮಣ್ಣು ತೊಳ್ದು, ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡ್ತೀನಿ, ಬಿಸಿಲಿಗಾಗ್ಲಿ ಒಲೆ ಹತ್ರ ಆಗ್ಲಿ ಇಡಲ್ಲ, ಅಂಟು ಬಿಟ್ಕೊಳುತ್ತೆ. ಈ ಪೇಪರ್ ವಿಚಾರಕ್ಕೆ ಅಪ್ಪನ ಜೊತೆ ಜಗಳ, ಇನ್ನೂ ಪದಬಂಧ ತುಂಬ್ಸಿರಲ್ವಂತೆ. ಆಫೀಸ್ ಹುಡುಗನ್ನ ಶನಿವಾರ ಸಂಜೆ ಸಾಕ್ಸ್ ತಗೊಂಡು ಬಾ, ನಾನೂ ಬರ್ತೀನಿ ಅಂದಿದ್ದೆ. ನಿನ್ನೆ ಮೆಸೇಜ್ ಹಾಕಿದ್ದಾನೆ, ಸೇಲ್ ಇತ್ತಂತೆ, ಎಂಟನೇ ನಂಬರ್ ಆರ್ಡರ್ ಮಾಡ್ಬಿಟ್ನಂತೆ.